ಕಿವಿಗೆ ಏನೂ ಆಗಿರಲಿಲ್ಲ

ಮೊದಲು ಹೋದದ್ದು ಕಿವಿ. ಹಾಗೆಂದು ಮನೆಯವರು ತಿಳಿದರು.

ಕಾರ್ಕಳದಿಂದ ಮಣಿಪಾಲದ ಮೇಲೆ ಉಡುಪಿಗೆ ಹೋಗುವ ಖಾಸಗಿ ಬಸ್ಸಿನಲ್ಲಿ ನಾನು ಹದಿನಾಲ್ಕು ವರ್ಷದಿಂದ ಕಂಡಕ್ಟರ್. ಹಿಂದಿನ ಸೀಟಿನವರು ಇಳಿಯಲಿಕ್ಕೆ "ಹಿರಿಯಡ್ಕ ಉಂಟು" ಎಂದು ಗೊಣಗಿದರೂ ಕೇಳುತ್ತಿದ್ದವನಿಗೆ, ಪಕ್ಕದಲ್ಲಿ ನಿಂತು ಕೂಗಿದರೂ ಕೇಳದ ಹಾಗಾಯಿತು. ಮನೆಯಲ್ಲೂ ಅದೇ ಕಥೆ. ಒಂದು ದಿನ ಹೆಂಡತಿ ಶಾಲಿನಿ ಗಂಜಿಯ ಬಟ್ಟಲನ್ನು ಎದುರಿಗೆ ಕುಕ್ಕಿ, "ನಿಮಗೆ ಎಂತ ಆಗಿದೆ? ಮೂರು ಸಲ ಕರೆದೆ" ಎಂದಳು. ಮರುದಿನವೇ ಮಣಿಪಾಲದ ಇಎನ್‌ಟಿಗೆ ಕರೆದುಕೊಂಡು ಹೋದಳು. ಮುಚ್ಚಿದ ಕೋಣೆಯಲ್ಲಿ ಕೂರಿಸಿ ಆಡಿಯೋಮೆಟ್ರಿ ಎಂಬ ಕಿವಿಯ ಪರೀಕ್ಷೆ ಮಾಡಿದರು.

ರಿಪೋರ್ಟ್ ನಾರ್ಮಲ್.

ಶಾಲಿನಿ ಅಲ್ಲೇ ದೇವರಿಗೆ ಕೈ ಮುಗಿದಳು. ನನಗೆ ಕಾರಣ ಗೊತ್ತಿತ್ತು. ಹೇಳಲಿಲ್ಲ.

ಫೋನಿನಲ್ಲಿ ಕ್ರಿಕೆಟ್ ಬೆಟ್ಟಿಂಗ್. ಶುರುವಾದದ್ದು ಕಾರ್ಕಳದ ಸ್ಟ್ಯಾಂಡಿನಲ್ಲಿ. ನಮ್ಮ ಕೆಲಸವೇ ವಿಚಿತ್ರ. ಓಡುವಾಗ ಎರಡು ನಿಮಿಷ ತಡವಾದರೆ ಹಿಂದಿನ ಬಸ್ಸಿನವರೊಂದಿಗೆ ಜಗಳ; ತಲುಪಿದ ಮೇಲೆ ಮುಂದಿನ ಟ್ರಿಪ್ಪಿನವರೆಗೆ ಅರ್ಧ ಗಂಟೆ ಸುಮ್ಮನೆ ಕೂರಬೇಕು. ಓಡಿ ಬಂದ ಮನಸ್ಸು ಕೂರುವುದಿಲ್ಲ. ಆಸೆಗೆ ಬಿದ್ದು ಕೈ ಹಾಕಿದ್ದು ಹೌದು, ಆದರೆ ಗೆದ್ದ ದಿನವೂ ನಿಲ್ಲಿಸಲು ಆಗಲಿಲ್ಲ ಎಂಬುದನ್ನು ಯಾರಿಗೆ ಹೇಳುವುದು? ಕುಡಿದು ಬಂದವನ ಬಾಯಿಯಾದರೂ ನಾರುತ್ತದೆ. ಇದಕ್ಕೆ ವಾಸನೆಯೂ ಇಲ್ಲ. ಸ್ಟ್ಯಾಂಡಿನ ಆಟ ಮೆಲ್ಲಗೆ ಓಡುವ ಬಸ್ಸಿನೊಳಗೂ ಬಂತು.

ಆ ದಿನ ಪರ್ಕಳದಲ್ಲಿ ಗಿರಿಜಕ್ಕ ಇಳಿಯುತ್ತಿದ್ದರು. ಅರವತ್ತು ದಾಟಿದವರು, ದಿನವೂ ನಮ್ಮ ಬಸ್ಸಿಗೇ ಬರುವವರು. ಒಂದು ಕಾಲು ಇನ್ನೂ ಮೆಟ್ಟಿಲಲ್ಲಿತ್ತು. ನನ್ನ ಕಣ್ಣು ಫೋನಿನಲ್ಲಿತ್ತು. ಹೊರಡಲು ಎರಡು ವಿಸಿಲ್ ಊದಿದೆ. ಡ್ರೈವರ್ ಸದಾನಂದಣ್ಣ ಬಸ್ಸು ಬಿಟ್ಟರು.

ಗಿರಿಜಕ್ಕ ಬಿದ್ದರು. ನಾನು ಮೊದಲು ಸ್ಕೋರ್ ನೋಡಿದೆ.

ಆಮೇಲೆ ಕೆಳಗೆ ಹಾರಿದೆ. ಅವರ ಬಲಗೈಯ ಮಣಿಕಟ್ಟು ಮುರಿದಿತ್ತು. ಎಕ್ಸ್‌ರೇ ಕೋಣೆಯ ಹೊರಗೆ ಸದಾನಂದಣ್ಣ, "ನಿನ್ನ ವಿಸಿಲ್ ನಂಬಿ ನಾನು ಕ್ಲಚ್ ಬಿಡುವುದು ಮಾರಾಯ" ಎಂದರು. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಓಡಿ ಬಂದ ಶಾಲಿನಿಗೆ ಅಲ್ಲೇ ಎಲ್ಲವನ್ನೂ ಹೇಳಿದೆ. ಅವಳು ನೆಲ ನೋಡುತ್ತ, "ಕಿವಿ ಹೋಗಿದ್ದರೆ ಒಂದು ಮೆಷಿನ್ ಹಾಕಿಸಬಹುದಿತ್ತು ಅಲ್ವಾ" ಎಂದಳು.

ಸೈಕಿಯಾಟ್ರಿಯ ಡಾಕ್ಟರ್, "ಇದೂ ಕಾಯಿಲೆಯೇ. ಗ್ಯಾಂಬ್ಲಿಂಗ್ ಡಿಸಾರ್ಡರ್" ಎಂದರು. ವಾರ ವಾರ ಕೌನ್ಸೆಲಿಂಗಿಗೆ ಬರಬೇಕು.

"ಪೂರ್ತಿ ಗುಣ ಆಗ್ತದಾ ಡಾಕ್ಟ್ರೇ?" ಎಂದು ಕೇಳಿದೆ.

ಅವರು ಪೆನ್ನಿನ ಮುಚ್ಚಳ ಹಾಕಿದರು. "ಇವತ್ತು ಆಡದಿದ್ದರೆ ಇವತ್ತಿನ ಮಟ್ಟಿಗೆ ಸರಿ."

ಮಾಡಿದ್ದುಣ್ಣೋ ಮಹಾರಾಯ ಎಂದು ಸ್ಟ್ಯಾಂಡಿನಲ್ಲಿ ಅಂದವರಿದ್ದಾರೆ. ಉಣ್ಣುತ್ತಿದ್ದೇನೆ. ಆದರೆ ಕೈ ಮುರಿದದ್ದು ಗಿರಿಜಕ್ಕನದು.

ಎರಡು ತಿಂಗಳ ನಂತರ ಸದಾನಂದಣ್ಣನೇ ಮಾಲೀಕರಲ್ಲಿ ಮಾತಾಡಿ ನನ್ನನ್ನು ಮತ್ತೆ ಬಸ್ಸು ಹತ್ತಿಸಿದರು. ಫೋನ್ ಈಗ ಶಾಲಿನಿಯ ಹತ್ತಿರ. ಆದರೂ ಪ್ರಯಾಣಿಕರಲ್ಲಿ ಯಾರದೋ ಫೋನಿನಿಂದ ಕಾಮೆಂಟರಿ ಬಂದರೆ, ಅಷ್ಟು ಗದ್ದಲದಲ್ಲೂ ಅದೊಂದು ನನಗೆ ಸ್ಪಷ್ಟವಾಗಿ ಕೇಳುತ್ತದೆ. ಏನು ಮಾಡಬೇಕೆಂದು ತಿಳಿಯುವುದಿಲ್ಲ, ಕಂಬಿ ಹಿಡಿದು ನಿಲ್ಲುತ್ತೇನೆ. ನಾನು ಊದಿದ ಮೇಲೂ ಸದಾನಂದಣ್ಣ ಒಮ್ಮೆ ಕನ್ನಡಿ ನೋಡಿಯೇ ಬಸ್ಸು ಬಿಡುತ್ತಾರೆ. ಮೊದಲು ನೋಡುತ್ತಿರಲಿಲ್ಲ. ನೋವಾಗುತ್ತದೆ, ಆದರೆ ಅವರು ನೋಡುವುದೇ ಒಳ್ಳೆಯದು.

ಗಿರಿಜಕ್ಕನೂ ಬರುತ್ತಾರೆ. ಬಲಗೈ ಸರಿಯಾಗಿ ಮಡಚುವುದಿಲ್ಲ, ಎಡಗೈಯಲ್ಲಿ ಕಂಬಿ ಹಿಡಿದು ಇಳಿಯುತ್ತಾರೆ. ಎರಡೂ ಕಾಲು ನೆಲಕ್ಕೆ ಊರಿದ ಮೇಲೆ ನನ್ನತ್ತ ತಿರುಗಿ, "ಇಳಿದೆ ಮಾರಾಯ, ಇನ್ನು ಊದು" ಎನ್ನುತ್ತಾರೆ. ದಿನವೂ ಹೇಳುತ್ತಾರೆ.

ಇವತ್ತೂ ಹೇಳಿದರು. ನನಗೆ ಕೇಳಿಸಿತು.