ಅರಿಶಿಣದ ಬೊಟ್ಟಿನ ಕಪ್ಪೆ

ನಾನು ಜತ್ತದಲ್ಲಿ ಪ್ರಾಣಿಶಾಸ್ತ್ರ ಕಲಿಸುವವಳು. ಪವಾಡ ಕಂಡೆವೆನ್ನುವವರನ್ನು ನಕ್ಕು ಸಾಗಹಾಕುತ್ತಿದ್ದೆ. ಈಗಲೂ ನಗುತ್ತೇನೆ, ಆದರೆ ಮೊದಲಿನಷ್ಟು ಜೋರಾಗಿ ಅಲ್ಲ. ಅದಕ್ಕೆ ಕಾರಣ ಒಂದು ಕಪ್ಪೆ.

ಕೆಲವು ವರ್ಷಗಳ ಹಿಂದೆ ದರಿಬಡಚಿಯ ಬತ್ತುತ್ತಿದ್ದ ಬಾವಿಯಿಂದ ಕಪ್ಪೆಗಳನ್ನು ತಂದು, ಮಳೆ ಬಂದಾಗ ಬಿಟ್ಟರಾಯಿತೆಂದು ಮನೆಯ ಗಾಜಿನ ತೊಟ್ಟಿಯಲ್ಲಿ ಇಟ್ಟುಕೊಂಡಿದ್ದೆ. ಅವುಗಳ ಚರ್ಮಕ್ಕೆ ಶಿಲೀಂಧ್ರ ರೋಗ ತಗುಲಿತು. ಒಂದೊಂದಾಗಿ ಸತ್ತು ಕೊನೆಗೆ ಉಳಿದದ್ದು ಒಂದು ದೊಡ್ಡ ಗಂಡುಗಪ್ಪೆ. ಗಂಟಲುಬ್ಬಿಸಿ ಇಡೀ ಓಣಿಗೆ ಭಾಷಣ ಬಿಗಿಯುತ್ತಿದ್ದ ಅವನಿಗೆ ಸರಪಂಚ ಎಂದು ಹೆಸರಿಟ್ಟಿದ್ದೆ. ಈಗ ಅವನ ಚರ್ಮವೂ ಸುಲಿಯುತ್ತಿತ್ತು, ದನಿ ಉಡುಗಿತ್ತು. ಕಪ್ಪೆಗಾಗಿ ಯಾರಾದರೂ ಅಳುತ್ತಾರೆಯೇ ಎನ್ನಬೇಡಿ, ನಾನು ಅತ್ತುಬಿಟ್ಟೆ.

ಜೊತೆಗಿದ್ದ ಸೋದರತ್ತೆ ಅರಿಶಿಣದ ಬಟ್ಟಲು ಹಿಡಿದು ಬಂದಳು.

"ಬ್ಯಾಡ ಅತ್ತಿ, ಅವ ಚರ್ಮದಿಂದ ಉಸಿರಾಡ್ತಾನ. ಅದರ ಮ್ಯಾಲಿನ ಲೋಳಿ, ಲೋಳ್ಯಾಗಿನ ಚಲೋ ಜೀವಾಣುನ ರೋಗದ ಕೂಡ ಬಡದಾಡ್ತಾವು. ಅರಿಶಿಣ ಹಚ್ಚಿದ್ರ ಅವೂ ಸಾಯ್ತಾವು" ಎಂದೆ.

"ಗುರ್ಜಿ ಆಡೂಮುಂದ ಕಪ್ಪಿಗಿ ಅರಿಶಿಣ ಹಚ್ಚೂದಿಲ್ಲೇನು? ಯಾವ ಕಪ್ಪಿ ಸತ್ತೈತಿ?"

ಮಳೆ ಬೇಡಿ ಕಪ್ಪೆಗೆ ಅರಿಶಿಣ ಹಚ್ಚಿ ಮನೆಮನೆ ತಿರುಗುವ ಆಟ ಅದು. ನಾನು ಬಟ್ಟಲು ಕಸಿದು ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಅತ್ತೆ ಸಿಟ್ಟಾಗಿ ಮಾಡಗ್ಯಾಳದ ಮಗಳ ಮನೆಗೆ ಬಸ್ಸು ಹತ್ತಿದಳು.

ಮನೆಯಲ್ಲಿ ನಾನೊಬ್ಬಳೇ. ತೊಟ್ಟಿಯ ಮುಚ್ಚಳದ ಮೇಲೆ ರುಬ್ಬುಗುಂಡು ಹೇರಿ, ಬಾಗಿಲು ಹಾಕಿ ಮಲಗಿದೆ. ಬೆಳಿಗ್ಗೆ ನೋಡಿದರೆ ಗುಂಡು ಇದ್ದಲ್ಲೇ ಇದೆ. ಒಳಗೆ ಸರಪಂಚನ ಬೆನ್ನೇರಿ ಒಂದು ಸಣ್ಣ ಕಪ್ಪೆ ಕೂತಿದೆ, ಅದರ ತಲೆಯ ಮೇಲೆ ಅರಿಶಿಣದ ಬೊಟ್ಟು! ಮುಟ್ಟಿದರೆ ಬೆರಳಿಗೆ ಹತ್ತಿತು. ಕಪಾಟಿನ ಬೀಗ ಹಾಗೇ ಇತ್ತು. ಆ ವರ್ಷ ಯಾರೂ ಇನ್ನೂ ಗುರ್ಜಿ ಆಡಿರಲಿಲ್ಲ. ಸಣ್ಣ ಕಪ್ಪೆ ಸಿಕ್ಕರೆ ನುಂಗುವ ಸರಪಂಚ ಅದನ್ನು ಹೊತ್ತು ಸುಮ್ಮನೆ ಕೂತಿದ್ದ.

ಎರಡನ್ನೂ ಬೇರ್ಪಡಿಸಲು ಮನಸ್ಸು ಬರಲಿಲ್ಲ. ಕೆಲವೇ ದಿನಗಳಲ್ಲಿ ಅವನ ಚರ್ಮ ವಾಸಿಯಾಗಿ ಭಾಷಣ ಮತ್ತೆ ಶುರುವಾಯಿತು. ಓಣಿಯವರು ಗೊಣಗಿದರು, ನಾನು ಪೇಢೆ ಹಂಚಿದೆ. ಆ ದಿನವೇ ಸಣ್ಣ ಕಪ್ಪೆ ಕಾಣೆಯಾಯಿತು. ಸರಪಂಚ ನುಂಗಿದನೆನ್ನಲು ನನಗೆ ಬಾಯಿ ಬರುವುದಿಲ್ಲ.

ಅತ್ತೆಗೆ ಫೋನು ಮಾಡಿ ನಡೆದದ್ದೆಲ್ಲ ಹೇಳಿದೆ. "ನಾ ಇಲ್ಲೇ ಕುಂತೇನಿ, ಕೀಲಿ ನಿನ್ನ ಹಂತ್ಯಾಕೈತಿ. ಯಾರ ಹಚ್ಯಾರ, ನೀನ ಹೇಳವಾ, ಕಲತಾಕಿ!" ಎಂದು ನಕ್ಕಳು.

ಸಣ್ಣ ಕಪ್ಪೆಯ ಚರ್ಮದ ಒಳ್ಳೆಯ ಜೀವಾಣುಗಳು ಸರಪಂಚನಿಗೆ ಅಂಟಿ ರೋಗ ತಡೆದಿರಬಹುದು. ಅಷ್ಟನ್ನು ಪಾಠದಲ್ಲಿ ಹೇಳಬಲ್ಲೆ. ಆ ಕಪ್ಪೆ ಒಳಗೆ ಬಂದದ್ದು ಹೇಗೆ, ಬೊಟ್ಟು ಇಟ್ಟವರು ಯಾರು ಎಂದು ಮಕ್ಕಳು ಕೇಳಿದರೆ ಪಾಠವನ್ನು ಮುಂದಕ್ಕೆ ಓಡಿಸುತ್ತೇನೆ. ಮೊದಲ ಮಳೆಗೆ ಸರಪಂಚನನ್ನು ಬಾವಿಗೆ ಬಿಟ್ಟೆ.

ಈಗಲೂ ಬೇಸಿಗೆಯಲ್ಲಿ ಬಾವಿಯ ಕಪ್ಪೆಗಳನ್ನು ತಂದಿಡುತ್ತೇನೆ. ತೊಟ್ಟಿಯಲ್ಲಿ ಯಾವುದಾದರೂ ಮಂಕಾದರೆ ಮುಚ್ಚಳದ ಮೇಲಿನ ಗುಂಡು ತೆಗೆದಿಡುತ್ತೇನೆ. ಗಾಳಿ ಆಡಲೆಂದು, ಅಷ್ಟೇ. ಸಿಟ್ಟಿಳಿದು ಎಂದೋ ಮರಳಿರುವ ಅತ್ತೆ ಅಡುಗೆಮನೆಯಿಂದಲೇ ಕೂಗುತ್ತಾಳೆ: "ಬಾಗಲಾನೂ ಒಂದೀಟ ತಗದಿಡು!"