ಎರೆಹೊಲದಲ್ಲಿ ಬೆಳೆದ ನಮ್ಮ ಸಿಮೆಂಟ್ ಚೀಲ

ಕಳೆದ ತಿಂಗಳು ಒಂದು ಬೆಳಿಗ್ಗೆ ಹೊಸ ಮನೆ ನೋಡಲು ಹೋದರೆ ಕಟ್ಟೆಯ ಮೇಲೊಂದು ಬುಟ್ಟಿ. ಅದರ ತುಂಬ ಮಣ್ಣು ಮೆತ್ತಿದ ಪ್ಲಾಸ್ಟಿಕ್. ಹರಿದ ಸಿಮೆಂಟ್ ಚೀಲ, ಟೈಲ್ಸಿಗೆ ಸುತ್ತಿದ ಹಾಳೆ, ಪೈಪಿನ ತುಂಡು. ಬುಟ್ಟಿಯ ಪಕ್ಕ, ಸೊಂಟಕ್ಕೆ ಕೈಯಿಟ್ಟು ನಿಂತ ಗೌರವ್ವ.

"ನಮ್ಮ ಹೊಲದಾಗ ನಿಮ್ಮ ಬೆಳಿ ಬಂದೈತ್ರಿ. ತಗೋರಿ," ಎಂದಳು.

(ಅವಳು ನಕ್ಕಿದ್ದರೆ ನಾನು ಹೆದರುತ್ತಿರಲಿಲ್ಲ. ನಗಲಿಲ್ಲ.)

ಸಂಶಿ ಊರಿನ ಅಂಚಿನಲ್ಲಿ ನಾವು ಮನೆ ಕಟ್ಟಿಸಿದ ಪುರಾಣ ಕೇಳಿ ನಿಮಗೆ ಸಾಕಾಗಿರಬಹುದು. ಆದರೆ ಗೌರವ್ವನ ಬಗ್ಗೆ ಹೇಳಿರಲಿಲ್ಲ. ಮನೆಗೆ ಹೊಂದಿಕೊಂಡೇ ಇರುವ ಹೊಲ ಅವಳದು. ಪಾಯದಿಂದ ಪೇಂಟಿಂಗ್‌ವರೆಗೆ ನೀರು ಬಿಟ್ಟಿದ್ದು ಅವಳ ಬೋರಿನಿಂದ. ಹೀಗಾಗಿ ಗೃಹಪ್ರವೇಶದ ದಿನ ಹಾಲು ಉಕ್ಕಿಸುವ ಒಲೆ ಅವಳೇ ಹಚ್ಚಬೇಕು ಎಂದು ನನ್ನ ಹೆಂಡತಿ ಶೈಲಾ ಎಂದೋ ತೀರ್ಮಾನಿಸಿದ್ದಳು.

ಈಗ ಅದೇ ಗೌರವ್ವ ಅಗದಿ ಖಡಕ್ಕಾಗಿ ಹೇಳಿದಳು, "ಹೊಲ ಸ್ವಚ್ಛ ಆಗೂತನಕ ನಿಮ್ಮ ಹೊಸ್ತಲಾ ದಾಟೂದಿಲ್ರಿ."

ಅಷ್ಟೊಂದು ಪ್ಲಾಸ್ಟಿಕ್ ಅವಳ ಹೊಲಕ್ಕೆ ಹೋದದ್ದು ಹೇಗೆ? ಮನೆ ಕಟ್ಟಿದ ಗೌಂಡಿ ಬಸಪ್ಪನನ್ನು ಕರೆದು ಕೇಳಿದೆ. ಅವನು ತಲೆ ಕೆರೆದುಕೊಳ್ಳುತ್ತ ಬಾಯಿಬಿಟ್ಟ.

ಬೇಸಿಗೆಯಲ್ಲಿ ಎರೆಭೂಮಿ, ಅಂದರೆ ನಮ್ಮ ಕಪ್ಪು ನೆಲ, ಬಿರಿಯುತ್ತದಲ್ಲ, ಮೊಣಕಾಲು ಹೋಗುವಷ್ಟು? ಇವನ ಆಳುಗಳು ಸಂಜೆ ಕಸ ಗುಡಿಸಿ ಗೌರವ್ವನ ಹೊಲದ ಆ ಬಿರುಕುಗಳಲ್ಲಿ ತುರುಕಿದ್ದರು. ಸುಟ್ಟರೆ ಹೊಗೆ, ಬಿಟ್ಟರೆ ಗಾಳಿ. ಬಿರುಕು ಪುಕ್ಕಟೆ ತಿಪ್ಪೆ. ಮುಂಗಾರಿಗೆ ಮೊದಲಿನ ಅಡ್ಡಮಳೆ ಬಿತ್ತು, ಬಿರುಕು ಮುಚ್ಚಿತು, ಎಲ್ಲರೂ ಮರೆತರು. ಗೌರವ್ವ ಬಿತ್ತನೆಗೆಂದು ಕುಂಟೆ ಹೊಡೆಸಿದಾಗ ಕುಂಟೆಯ ಕಬ್ಬಿಣದ ಅಲಗಿಗೆ ಸುತ್ತಿಕೊಂಡು ಎಲ್ಲವೂ ಎದ್ದುಬಂತು.

"ಎರಿ ಭೂಮಿ ಎಲ್ಲಾನೂ ನುಂಗತೈತಿ ಅಂತ ತಿಳದಿದ್ದೆರಿ," ಎಂದ ಬಸಪ್ಪ.

"ನುಂಗತೈತಿ. ಅರಗಿಸ್ಕೊಬೇಕಲ್ಲೋ?" ಎಂದಳು ಗೌರವ್ವ.

ಮನೆಗೆ ಬಂದು ಶೈಲಾಗೆ ಸುದ್ದಿ ಮುಟ್ಟಿಸಿದೆ. "ಆಕಿ ಬರದಿದ್ರ ನಾನೂ ಒಳಗ ಕಾಲಿಡೂದಿಲ್ಲ," ಎಂದಳು. ನಾನೊಬ್ಬನೇ ಪೂಜೆಗೆ ಬರುವ ಸ್ವಾಮಿಗಳ ಜೊತೆ ಕುಳಿತು ಹಾಲು ಉಕ್ಕಿಸುವ ದೃಶ್ಯ ಕಣ್ಣ ಮುಂದೆ ಬಂತು. ಬೇಡಪ್ಪಾ ಬೇಡ.

ಮರುದಿನವೇ ನಾನು, ಶೈಲಾ, ಬಸಪ್ಪ ಹೊಲಕ್ಕಿಳಿದೆವು. ಹಸಿ ಎರೆಮಣ್ಣು ಗೊತ್ತಲ್ಲ? ಒಂದು ಚೀಲ ಎಳೆಯುವಷ್ಟರಲ್ಲಿ ಚಪ್ಪಲಿ ಭೂಮಿಗೆ ಅರ್ಪಣೆ. ಬದುವಿನ ಮೇಲೆ ಕುಳಿತ ಗೌರವ್ವ "ಅಲ್ಲೊಂದೈತ್ರಿ, ಬಲಕ್ಕ, ಇನ್ನಷ್ಟು ಬಲಕ್ಕ" ಎಂದು ಡೈರೆಕ್ಷನ್ ಕೊಡುತ್ತಿದ್ದಳು. ಮಧ್ಯಾಹ್ನಕ್ಕೆ ಅವಳೇ ರೊಟ್ಟಿ, ಶೇಂಗಾ ಚಟ್ನಿ ತಂದಳು. ಸಿಟ್ಟು ಸಿಟ್ಟೇ, ಊಟ ಊಟವೇ. ನಮ್ಮ ಕಡೆಯವರು ಹೀಗೆಯೇ ನೋಡಿ, ಅದಕ್ಕೇ ನನಗೆ ಇವರೆಂದರೆ ಪ್ರೀತಿ.

ರಾಶಿಯನ್ನು ಬೇರೆ ಬೇರೆ ಮಾಡುವಾಗ ನನಗೊಂದು ಯೋಚನೆ ಬಂತು. ಅಷ್ಟು ಕಸದಲ್ಲಿ ಪೇಂಟಿನ ಬಕೆಟ್ ಒಂದೂ ಇರಲಿಲ್ಲ. ಹೇಗಿರುತ್ತದೆ? ಪೇಂಟ್ ಮುಗಿಯುವ ಮೊದಲೇ ಬಕೆಟ್ ಬುಕ್ ಆಗಿರುತ್ತವೆ. (ನಿಮ್ಮ ಬಚ್ಚಲಲ್ಲೂ ಒಂದಿದೆ, ಸುಳ್ಳು ಹೇಳಬೇಡಿ.) ಬಕೆಟ್ಟಿಗೆ ಸಿಗುವ ಮರ್ಯಾದೆ ಚೀಲಕ್ಕೆ ಯಾಕಿಲ್ಲ?

ಗಟ್ಟಿ ಚೀಲಗಳನ್ನು ಗೌರವ್ವ ಎತ್ತಿಕೊಂಡಳು. ಝಾಡಿಸಿ, ದಬ್ಬಣದಿಂದ ಹೊಲಿದು, ಮೇವಿನ ಬಣವೆಗೆ ಹೊದಿಸಿದಳು. ಪೈಪಿನ ತುಂಡುಗಳು ಬಸಪ್ಪನ ಮುಂದಿನ ಕೆಲಸಕ್ಕೆ ಹೋದವು. ಹರಕು ಹಾಳೆಯನ್ನು ಗುಜರಿಯವನು ಗೊಣಗುತ್ತ ಒಯ್ದ. ಬಸಪ್ಪ ಈಗ ಯರಗುಪ್ಪಿ ಊರಲ್ಲಿ ಮನೆ ಕಟ್ಟುವ ಕೆಲಸ ಹಿಡಿದಿದ್ದಾನೆ. ಅಲ್ಲಿ ಮೊದಲ ದಿನವೇ ಬೇವಿನ ಗಿಡಕ್ಕೆ ಕಸದ ಚೀಲ ಕಟ್ಟಿದ್ದಾನಂತೆ. ಟೈಲ್ಸ್ ಅಂಗಡಿಯವನಿಗೆ "ಹಾಳಿ ಅಲ್ಲೇ ಬಿಚ್ಚಿ ನೀವ ಇಟಗೋರಿ" ಎಂದನಂತೆ. ಅಂಗಡಿಯವನು ಇನ್ನೂ ಒಪ್ಪಿಲ್ಲ, ಜಗಳ ನಡೆದಿದೆ.

ಗೃಹಪ್ರವೇಶದ ಮುಂಜಾನೆ. ಸ್ವಾಮಿಗಳು ಅವಸರ ಮಾಡುತ್ತಿದ್ದರು, ಶೈಲಾ ಬಾಗಿಲಲ್ಲಿ ನಿಂತು ದಾರಿ ಕಾಯುತ್ತಿದ್ದಳು. ಗೌರವ್ವ ಬಂದಳು. ಇಳಕಲ್ ಸೀರೆ, ಕೈಯಲ್ಲಿ ಹಾಲಿನ ತಂಬಿಗೆ. ಆದರೆ ಬಾಗಿಲಿಗೆ ಬರಲಿಲ್ಲ. ಸೀದಾ ಮನೆ ಸುತ್ತಿ ಹಿತ್ತಲಿಗೆ ಹೋದಳು. ನಾನೂ ಹಿಂದೆಯೇ ಓಡಿದೆ. ಅಲ್ಲಿ ಕಾಲಿನಿಂದ ಮಣ್ಣು ಕೆದರಿ, ಕಸ ಹೂತಿಲ್ಲ ಎಂದು ಖಾತ್ರಿ ಮಾಡಿಕೊಂಡು, ತಿರುಗಿ ಬಂದು, "ಏನ್ ನಿಂತೀರಿ? ನಡೀರಿ, ಒಲಿ ಹಚ್ಚೂಣು," ಎಂದಳು.

ನಿಮ್ಮ ಮನೆಗೆ ಬಂದವರೂ ಮುಂಬಾಗಿಲು ಬಿಟ್ಟು ಮೊದಲು ಹಿತ್ತಲಿಗೇ ಹೋದರೆ, ನೀವು ಪಾಸೋ, ಫೇಲೋ?