ಕಾಫಿ ಕುಡಿದು ಹೋದ ತಮ್ಮ

ಅಣ್ಣಮ್ಮ ಮೇಡಂ ಅವರ ನಿವೃತ್ತಿಯ ಸಮಾರಂಭದಲ್ಲಿ ನಾನು ಮೈಕಿನ ಮುಂದೆ ಮಾಡಿಕೊಂಡ ಅವಾಂತರವನ್ನು ಮೂಡಿಗೆರೆಯಲ್ಲಿ ಇನ್ನೂ ಕೆಲವರು ಮರೆತಿಲ್ಲ. ಮರೆತವರಿಗೆ ನನ್ನ ಹೆಂಡತಿ ನೆನಪಿಸುತ್ತಾಳೆ. ಪತ್ರಿಕೆಯಲ್ಲಿ ವಾರಕ್ಕೊಂದು ನಗೆಬರಹ ಬರೆಯುತ್ತೇನೆ, ಮೇಲಾಗಿ ಅವರ ಪಕ್ಕದ ಮನೆಯವನು ಎಂಬ ಕಾರಣಕ್ಕೆ ಅವರನ್ನು ಸಭೆಗೆ ಪರಿಚಯಿಸುವ ಕೆಲಸವನ್ನು ಕಾಲೇಜಿನವರು ನನಗೆ ಕೊಟ್ಟಿದ್ದರು. ಅವರು ಸಮಾಜಶಾಸ್ತ್ರದ ಪ್ರಾಧ್ಯಾಪಕಿ. ಜನ ಸಮಾಜದ ಕಟ್ಟಳೆ ಮೀರುವುದು ಯಾಕೆ, ಮೀರಿದವರನ್ನು ಸಮಾಜ ಮತ್ತೆ ಸಾಲಿಗೆ ತಂದು ನಿಲ್ಲಿಸುವುದು ಹೇಗೆ ಎಂಬುದು ಅವರ ಜೀವಮಾನದ ಅಧ್ಯಯನ. ಇಷ್ಟನ್ನೂ ಒಂದು ಚೀಟಿಯಲ್ಲಿ ಚೆಂದವಾಗಿ ಬರೆದುಕೊಂಡಿದ್ದೆ. ಚೀಟಿ ಮಾತ್ರ ಮನೆಯಲ್ಲಿ ಕಳಚಿಟ್ಟ ಅಂಗಿಯ ಜೇಬಿನಲ್ಲೇ ಉಳಿದಿತ್ತು. ಹಾಗಾಗಿ ನನ್ನ ಬಾಯಿಂದ ಹೊರಟದ್ದು ಹೀಗೆ: "ಕಳ್ಳಭಟ್ಟಿ, ಇಸ್ಪೀಟು, ಮನೆ ಬಿಟ್ಟು ಓಡಿಹೋಗುವುದು, ಇಂಥ ಎಲ್ಲ ವಿಷಯಗಳಲ್ಲಿ ಮೇಡಂ ಅವರಿಗೆ ಮೂವತ್ತು ವರ್ಷಕ್ಕೂ ಮೀರಿದ ಅನುಭವವಿದೆ."

ಹಿಂದಿನ ಬೆಂಚಿನಲ್ಲಿ ಹುಟ್ಟಿದ ನಗು ಮುಂದಿನ ಸಾಲಿಗೆ ಬರುವಷ್ಟರಲ್ಲಿ ಬಲಿತು ದೊಡ್ಡದಾಗಿತ್ತು. ಪ್ರಿನ್ಸಿಪಾಲರು ತಮ್ಮ ಲೋಟದ ನೀರನ್ನೂ ಕುಡಿದು, ಪಕ್ಕದವರ ಲೋಟದ್ದನ್ನೂ ಕುಡಿದರು. ಮೇಡಂ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ. ಮಾತಾಡಲು ಎದ್ದಾಗ, ಪರಿಚಯ ಮಾಡಿಕೊಟ್ಟವರು ನನ್ನ ನೆರೆಯವರು, ಬೇಲಿಯಾಚೆಯಿಂದ ನೋಡಿದ್ದನ್ನಷ್ಟೇ ಹೇಳಿದ್ದಾರೆ ಎಂದು ಶುರು ಮಾಡಿದರು. ನಾನು ಆ ಹೊತ್ತಿಗೆ ಶಾಮಿಯಾನದ ಕಂಬದ ಹಿಂದೆ ಇದ್ದೆ.

ಮೇಡಂ ಹುಟ್ಟಿದ ಮನೆ ಜಾವಳಿಯ ಕಡೆಯದು. ಒಂದಿಷ್ಟು ಕಾಫಿ, ಒಂದಿಷ್ಟು ಗದ್ದೆ. ಅಣ್ಣಮ್ಮ ಎಂಬುದು ಅಜ್ಜಿಯ ಹೆಸರು. ಮೈಸೂರಿನ ಹಾಸ್ಟೆಲಿನಲ್ಲಿ ಆ ಹೆಸರು ಕೇಳಿ, ಕೇರಳದ ಹುಡುಗಿಯಿರಬೇಕು ಎಂದುಕೊಂಡು ಮಲಯಾಳಿ ಹುಡುಗಿಯರ ಕೋಣೆಗೇ ಹಾಕಿದ್ದರಂತೆ. ಮಗಳು ಸಮಾಜಶಾಸ್ತ್ರ ಓದುತ್ತೇನೆ ಎಂದಾಗ ಅಪ್ಪ, ಸಮಾಜ ನೋಡೋಕೆ ಮೈಸೂರಿಗೆ ಯಾಕೆ ಹೋಗಬೇಕು, ಮೂಡಿಗೆರೆ ಸಂತೆಗೆ ಹೋದರೆ ಸಾಲದಾ ಎಂದು ಕೇಳಿದ್ದರಂತೆ. ಅಪ್ಪ ಹೇಳಿದ್ದೇ ಸರಿ ಎಂದು ಮೇಡಂಗೆ ಪಿಎಚ್.ಡಿ.ಗೆ ಸೇರಿದ ಮೇಲೆ ಅನ್ನಿಸಿತು. ಮಾರ್ಗದರ್ಶಕರು ಜೈಲಿಗೆ ಹೋಗಿ ಕೈದಿಗಳನ್ನು ಮಾತಾಡಿಸು ಎಂದರು. ನಮ್ಮ ಕಡೆ ಜೈಲಿಗೆ ಹೋದವರಿಗಿಂತ ಹೋಗದೆಯೇ ಸರಿಹೋದವರು ಜಾಸ್ತಿ ಸಾರ್, ಅವರನ್ನ ಸರಿ ಮಾಡಿದ್ದು ಯಾರು ಅಂತ ನೋಡ್ತೀನಿ ಎಂದರು ಇವರು. ಜೈಲಿನ ಅನುಮತಿಗೆ ಪತ್ರ ಬರೆಯುವ ಕಷ್ಟ ತಪ್ಪಿತೆಂದು ಮಾರ್ಗದರ್ಶಕರು ಒಪ್ಪಿದರಂತೆ.

ಆಮೇಲೆ ಅವರು ಜಾವಳಿಯಿಂದ ಕಳಸದವರೆಗೆ ಮನೆಮನೆ ಸುತ್ತಿ ಕಂಡುಕೊಂಡದ್ದು ನಮಗೆಲ್ಲ ಗೊತ್ತಿದ್ದ ಸಂಗತಿಯೇ. ಗೊತ್ತಿದೆ ಎಂಬುದು ಗೊತ್ತಿರಲಿಲ್ಲ, ಅಷ್ಟೆ. ನಮ್ಮ ಕಡೆ ಯಾರಿಗೂ ಬಹಿಷ್ಕಾರ ಹಾಕುವುದಿಲ್ಲ. ಅದು ಕಾನೂನಿಗೆ ವಿರುದ್ಧ. ಮೇಲಾಗಿ ನಾವು ಮರ್ಯಾದಸ್ಥರು. ಊರಿಗೆ ಯಾರ ಮೇಲಾದರೂ ಸಿಟ್ಟು ಬಂದರೆ ಅವರ ಮನೆಗೆ ಹೋಗುವುದನ್ನೂ ಬಿಡುವುದಿಲ್ಲ. ಹೋಗುತ್ತೇವೆ, ಜಗಲಿಯಲ್ಲಿ ಕೂರುತ್ತೇವೆ, ಮಳೆಯ ಬಗ್ಗೆ ಮಾತಾಡುತ್ತೇವೆ. ಒಳಗಿನಿಂದ ಕಾಫಿ ಬಂದಾಗ ಮಾತ್ರ ಕೈಯನ್ನು ಸ್ವಲ್ಪ ಮೇಲೆತ್ತಿ, "ಈಗಷ್ಟೇ ಆಯ್ತು" ಎನ್ನುತ್ತೇವೆ. ಕಾಫಿ ಬೆಳೆಯುವ ಊರಿನಲ್ಲಿ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಮೊದಲ ದಿನ ಆ ಮನೆಯವರು ನಿಜವಿರಬಹುದು ಎಂದುಕೊಳ್ಳುತ್ತಾರೆ. ನಾಲ್ಕನೆಯವರೂ ಹಾಗೇ ಅಂದಾಗ ಮನೆಯೊಡತಿ ಒಳಗೆ ಹೋಗಿ ಅಳುತ್ತಾಳೆ. ಬೇಗನೆ ಆ ಮನೆಯ ಯಜಮಾನ ಊರಿನ ಹಿರಿಯರ ಮನೆಗೆ ಹೋಗಿ ತಪ್ಪಾಯ್ತು ಅನ್ನುತ್ತಾನೆ. ಪೊಲೀಸಿಲ್ಲ, ಕೋರ್ಟಿಲ್ಲ, ಹಾಲು ಸಕ್ಕರೆಯ ಖರ್ಚೂ ಇಲ್ಲ.

ಒಂಟಿ ಹುಡುಗಿ ಮನೆಮನೆಗೆ ಹೋಗಿ ನಿಮ್ಮನ್ನ ಊರು ಯಾಕೆ ದೂರ ಇಟ್ಟಿತ್ತು ಎಂದು ಕೇಳಿದರೆ ಹೇಳುವವರು ಯಾರು? ಅದಕ್ಕೆ ಸ್ಕೂಟರು ಹತ್ತಿ ಜೊತೆಗೆ ಬಂದವನು ತಮ್ಮ ಕೃಷ್ಣಪ್ಪ. ಅವನು ಗಂಡಸರನ್ನು ಜಗಲಿಯಲ್ಲಿ ಮೆಣಸಿನ ರೇಟಿನ ಮಾತಿಗೆ ಕಟ್ಟಿಹಾಕುತ್ತಿದ್ದ. ಅಷ್ಟರಲ್ಲಿ ಅಕ್ಕ ಅಡುಗೆಮನೆಗೆ ಸೇರಿ ಹೆಂಗಸರಿಂದ ಕಥೆ ಕೇಳಿಕೊಳ್ಳುತ್ತಿದ್ದರು. ಇಳಿಜಾರಿನಲ್ಲಿ ಇಂಜಿನ್ ಬಂದ್ ಮಾಡಿ ಪೆಟ್ರೋಲು ಉಳಿಸುವುದು ಅವನ ಕಲೆ. ಒಮ್ಮೆ ಹಾಗೆ ಬರುವಾಗ ಇಬ್ಬರೂ ಬಿದ್ದು ಅಕ್ಕನ ಮೊಣಕಾಲು ಒಡೆದಿತ್ತು. ಅವರನ್ನು ಹೊತ್ತುಕೊಂಡೇ ಆಸ್ಪತ್ರೆಗೆ ಹೋಗಿ ಹೊಲಿಗೆ ಹಾಕಿಸಿದವನೂ ಅವನೇ. ಪ್ರಬಂಧದಲ್ಲಿ ವಂದನೆಯ ಮೊದಲ ಸಾಲು ಮಾರ್ಗದರ್ಶಕರಿಗಲ್ಲ, ತಮ್ಮನಿಗೆ. ಮಾರ್ಗದರ್ಶಕರು ಇದಕ್ಕೆ ಬಹಳ ದಿನ ಮುನಿಸಿಕೊಂಡಿದ್ದರು.

ಕಾಲೇಜಿನಲ್ಲಿ ಅವರ ತರಗತಿಗೆ ಹುಡುಗರು ತುಂಬಿಕೊಳ್ಳುತ್ತಿದ್ದರು. ವಿಷಯ ಸುಲಭ ಎಂಬ ಸುದ್ದಿ ಮೊದಲ ವರ್ಷ ತುಂಬಿಸಿತು; ಆಮೇಲೆ ಅವರ ಪಾಠವೇ ತುಂಬಿಸಿತು. ಮದುವೆಯಾಗಲಿಲ್ಲ. ಯಾಕೆ ಎಂದವರಿಗೆ, ಸರಿಯಾದ ಸ್ಯಾಂಪಲ್ ಸಿಗಲಿಲ್ಲ ಎನ್ನುತ್ತಿದ್ದರು. ವಿದ್ಯಾರ್ಥಿಗಳಿಗೆ ಅವರು ಹೇಳುತ್ತಿದ್ದ ನಿಯಮ ಒಂದೇ: ಸಂಶೋಧಕರು ನೋಡಬೇಕು, ಕೈ ಹಾಕಬಾರದು. ಆ ನಿಯಮವನ್ನು ಅವರು ಮುರಿದದ್ದು ನಿವೃತ್ತಿಯಾದ ಮೇಲೆ, ಭಾಗಮ್ಮನ ಸಲುವಾಗಿ.

ಭಾಗಮ್ಮ ಎಂದರೆ ಮೇಡಂ ಅವರ ತಂದೆಯ ತೋಟದಲ್ಲಿ ಬಹಳ ವರ್ಷ ಹಣ್ಣು ಕುಯ್ದ ಹೆಂಗಸು. ಅವರ ಮನೆ ಇರುವುದು ಲಕ್ಕಯ್ಯನವರ ಎಸ್ಟೇಟಿನ ಹಿಂದೆ. ಲಕ್ಕಯ್ಯ ಎಂದರೆ ಆ ಭಾಗದ ದೊಡ್ಡ ಕುಳ. ಅವರು ಹೋಂಸ್ಟೇ ಶುರು ಮಾಡಿದ ಮೇಲೆ, ಬಂದ ಅತಿಥಿಗಳಿಗೆ ಕೂಲಿಯವರು ಓಡಾಡುವುದು ಕಾಣಬಾರದೆಂದು ಹಳೆಯ ದಾರಿಗೆ ಗೇಟು ಹಾಕಿ ಬೀಗ ಜಡಿದರು. ಉಳಿದವರು ಸುಮ್ಮನೆ ಹಳ್ಳದ ದಂಡೆ ಸುತ್ತಿಕೊಂಡು ಹೋಗತೊಡಗಿದರು. ಭಾಗಮ್ಮ ಪೊಲೀಸ್ ಠಾಣೆಗೆ ಹೋಗಿ ದೂರು ಕೊಟ್ಟುಬಂದರು. ಅಂದಿನಿಂದ ಅವರನ್ನು ತೋಟದ ಕೆಲಸಕ್ಕೆ ಕರೆಯುವುದು ನಿಂತಿತು. ನಲ್ಲಿಗೆ ಬಂದಾಗಲೆಲ್ಲ ಅವರ ಜಗಲಿಯಲ್ಲಿ ಕೂತು ಹೋಗುತ್ತಿದ್ದ ಹೆಂಗಸರಿಗೆ ಕಾಫಿ ಈಗಷ್ಟೇ ಆಗಿರತೊಡಗಿತು.

ಇದನ್ನು ಕೇಳಿ ಮೇಡಂ ಅಂದೇ ತಾಲ್ಲೂಕು ಕಚೇರಿಗೆ ಅರ್ಜಿ ಬರೆದರು. ಸ್ಥಳಕ್ಕೆ ಬಂದು ಮಹಜರು ಮಾಡುತ್ತೇವೆ, ದಾರಿಯ ಎರಡೂ ಬದಿಯ ಜಮೀನಿನವರ ಹೇಳಿಕೆ ಬೇಕು ಎಂದರು ಕಚೇರಿಯವರು. ಒಂದು ಬದಿ ಲಕ್ಕಯ್ಯನವರದು. ಇನ್ನೊಂದು ಬದಿ ಕೃಷ್ಣಪ್ಪನದು. ಅಂದರೆ ಭಾಗಮ್ಮನ ದಾರಿ ತೆರೆಯುವುದೂ ಮುಚ್ಚುವುದೂ ಕೃಷ್ಣಪ್ಪನ ಒಂದು ಮಾತಿನ ಮೇಲಿತ್ತು. ಭಾನುವಾರ ಅವನು ಅಕ್ಕನ ಮನೆಗೆ ಬಂದಿದ್ದಾಗ ನಾನೂ ಇದ್ದೆ. ಅಕ್ಕ ಕೇಳುವ ಮೊದಲೇ ಅವನು ನಕ್ಕ.

"ನಾನಿದ್ದೀನಲ್ಲ ಅಕ್ಕ. ಆ ದಾರೀಲೇ ಅಲ್ವಾ ಸ್ಕೂಟರಿಂದ ನಿನ್ನ ಬೀಳಿಸಿದ್ದು? ನಾನು ಹೇಳದೆ ಇನ್ಯಾರು ಹೇಳ್ಬೇಕು?"

ಮಹಜರಿನ ದಿನ ಮೇಡಂ ಅವರನ್ನು ನನ್ನ ಕಾರಿನಲ್ಲೇ ಕರೆದುಕೊಂಡು ಹೋಗಿದ್ದೆ. ಅರ್ಧ ಊರೇ ಗೇಟಿನ ಹತ್ತಿರ ಸೇರಿತ್ತು. ಭಾಗಮ್ಮ ಒಂದು ಕಡೆ ಒಬ್ಬರೇ ನಿಂತಿದ್ದರು. ಮೇಡಂ ಹೋಗಿ ಅವರ ಪಕ್ಕ ನಿಂತರು. ಕಂದಾಯದ ಅಧಿಕಾರಿ ನಕ್ಷೆ ಬಿಡಿಸಿದರು, ಗಾಳಿ ಅದನ್ನು ಮಡಚಿತು, ಅವರು ಮತ್ತೆ ಬಿಡಿಸಿದರು. ಇಲ್ಲಿ ದಾರಿ ಇರಲೇ ಇಲ್ಲ ಎಂದರು ಲಕ್ಕಯ್ಯ. ಆಮೇಲೆ ಕೃಷ್ಣಪ್ಪನ ಸರದಿ. ಅವನು ಅಕ್ಕನ ಕಡೆ ನೋಡಲಿಲ್ಲ. ಗೇಟಿನ ಬೀಗವನ್ನೇ ನೋಡುತ್ತ ಹೇಳಿದ:

"ನಂಗೇನೂ ಹಂಗೆ ನೆನಪಿಲ್ಲ ಸಾರ್. ಅಕ್ಕ ತುಂಬ ಓದಿದೋಳು. ಯಾವುದಾದ್ರೂ ಪುಸ್ತಕದಲ್ಲಿ ದಾರಿ ನೋಡಿರ್ಬೋದು."

ಜನ ನಕ್ಕರು. ಅಧಿಕಾರಿಯೂ ಬರೆಯುತ್ತಲೇ ಸ್ವಲ್ಪ ನಕ್ಕರು. ಲಕ್ಕಯ್ಯ ಮಾತ್ರ ನಗಲಿಲ್ಲ. ಅವರಿಗೆ ಅದರ ಅಗತ್ಯವಿರಲಿಲ್ಲ. ಭಾಗಮ್ಮ ಪಕ್ಕದಲ್ಲಿದ್ದ ಮೇಡಂ ಕೈ ಹಿಡಿದು ಬನ್ನಿ ಅಮ್ಮ, ಬಿಸಿಲಿದೆ ಎಂದರು. ಬಿಸಿಲೇನೂ ಇರಲಿಲ್ಲ.

ವಾಪಸು ಬರುವಾಗ ಏನಾದರೂ ಹೇಳಬೇಕೆಂದು ನಾನು ಕಾಡೆಮ್ಮೆಗಳ ಹಾವಳಿಯ ಬಗ್ಗೆ ಶುರು ಮಾಡಿದೆ, ಅದು ಎಲ್ಲಿಗೂ ತಲುಪದೆ ನಿಂತುಹೋಯಿತು. ತಿರುವು ದಾಟಿದ ಮೇಲೆ ಮೇಡಂ ಅಂದರು:

"ಸುಳ್ಳು ಹೇಳಿದ್ದಕ್ಕೆ ಬೇಜಾರಿಲ್ಲ ಮಾರಾಯ. ಸುಮ್ನೆ ಇಲ್ಲ ಅಂದಿದ್ರೆ ಸಾಕಿತ್ತು. ಊರಿನೋರನ್ನ ನಗಿಸಿದ್ನಲ್ಲ."

ಜನರನ್ನು ನಗಿಸಿಯೇ ಹೊಟ್ಟೆ ಹೊರೆಯುವ ನಾನು ಸ್ಟೀರಿಂಗನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡೆ.

ಕಾರಣ ತಿಳಿಯಲು ಬಹಳ ಕಾಲ ಬೇಕಾಗಲಿಲ್ಲ. ಕೃಷ್ಣಪ್ಪನ ಮಗಳು ಭವ್ಯಾಗೆ ಗಂಡು ಗೊತ್ತಾಗಿತ್ತು. ಹುಡುಗ ಲಕ್ಕಯ್ಯನವರ ತಂಗಿಯ ಮಗ. ಮೇಡಂಗೆ ಈ ವಿಷಯ ತಿಳಿದದ್ದು ತರಕಾರಿ ಅಂಗಡಿಯಲ್ಲಿ. ಅಂಗಡಿಯವ ಬೀನ್ಸ್ ತೂಗುತ್ತ, ಸ್ವೀಟು ಯಾವಾಗ ಮೇಡಂ, ನಿಮ್ಮ ಸೊಸೆ ನಿಶ್ಚಿತಾರ್ಥ ಆಯ್ತಂತಲ್ಲ ಎಂದನಂತೆ. ಅಂಗಡಿಯವನ ಬಳಿ ಇನ್ನೂ ಹೆಚ್ಚಿನ ಸುದ್ದಿಯಿತ್ತು. ನಾನಿದ್ದೀನಲ್ಲ ಅಕ್ಕ ಎಂದು ತಮ್ಮ ಮಾತು ಕೊಟ್ಟು ಹೋದ ಆ ಭಾನುವಾರ ಬೆಳಗ್ಗೆಯೇ ಹುಡುಗನ ಕಡೆಯವರು ಅವನ ಮನೆಗೆ ಬಂದು, ತಿಂಡಿ ತಿಂದು, ಒಪ್ಪಿಗೆ ಹೇಳಿ ಹೋಗಿದ್ದರು. ಎಲ್ಲ ಮುಗಿಸಿಕೊಂಡೇ ಅವನು ಅಕ್ಕನ ಮನೆಗೆ ಬಂದಿದ್ದ. ಇದನ್ನು ನನಗೆ ಹೇಳುವಾಗ ಮೇಡಂ ಬೀನ್ಸಿನ ನಾರು ತೆಗೆಯುತ್ತಿದ್ದರು. ನಾರನ್ನು ಪಾತ್ರೆಗೂ ಬೀನ್ಸನ್ನು ಕಸಕ್ಕೂ ಹಾಕುತ್ತಿದ್ದರು.

ಆಮೇಲೆ ಊರಲ್ಲಿ ಎಲ್ಲರಿಗೂ ಒಂದೇ ಕುತೂಹಲ. ಕೃಷ್ಣಪ್ಪ ಅಕ್ಕನನ್ನು ಮದುವೆಗೆ ಕರೆಯಲು ಬರುತ್ತಾನೋ? ಬಂದರೆ ಕಾಫಿ ಕುಡಿಯುತ್ತಾನೋ? ನನ್ನ ಲೆಕ್ಕದಲ್ಲಿ ಕುಡಿಯುವುದಿಲ್ಲ. ಬೀಗರ ಕಡೆಯವರನ್ನು ಎದುರು ಹಾಕಿಕೊಂಡ ಅಕ್ಕನ ಮನೆಯಲ್ಲಿ ಕೈ ಮೇಲೆತ್ತಲೇಬೇಕು, ಅದು ನಮ್ಮ ಕಡೆಯ ಶಾಸ್ತ್ರ. ಮೇಡಂ ಕೂಡ ಹಾಗೇ ಅಂದುಕೊಂಡಿದ್ದರೆಂದು ಕಾಣುತ್ತದೆ. ಕುಡಿಯಲ್ಲ ಬಿಡು, ಅದಕ್ಕಾದ್ರೂ ಒಂದು ಮರ್ಯಾದೆ ಇರತ್ತೆ ಎಂದಿದ್ದರು.

ಬಂದದ್ದು ಒಂದು ಬೆಳಗ್ಗೆ, ಗಂಡ ಹೆಂಡತಿ ಇಬ್ಬರೂ. ನಾನು ಪೇಪರ್ ಓದುವ ನೆಪದಲ್ಲಿ ಮೇಡಂ ಮನೆಯಲ್ಲೇ ಇದ್ದೆ. ಕೃಷ್ಣಪ್ಪ ಅಕ್ಕನ ಕಾಲಿಗೆ ನಮಸ್ಕರಿಸಿದ. ಅವನ ಹೆಂಡತಿ ಕುಂಕುಮ ಕೊಟ್ಟು, ಸೋದರತ್ತೆ ಇಲ್ದೆ ಶಾಸ್ತ್ರ ನಡೆಯತ್ತಾ ಅತ್ತಿಗೆ, ಮುಂಚಿತವಾಗೇ ಬಂದುಬಿಡ್ಬೇಕು ಎಂದಳು. ಮೇಡಂ ಒಳಗೆ ಹೋಗಿ ಕಾಫಿ ತಂದರು. ನಾನು ಪೇಪರಿನ ಅಂಚಿನ ಮೇಲಿನಿಂದ ಕೃಷ್ಣಪ್ಪನ ಕೈಯನ್ನೇ ನೋಡುತ್ತಿದ್ದೆ.

ಅವನು ಲೋಟ ತೆಗೆದುಕೊಂಡು ಕುಡಿದ. ತಳ ಕಾಣುವವರೆಗೂ ಕುಡಿದ. ನಿನ್ನ ಕೈ ಕಾಫಿ ಬೇರೆಲ್ಲೂ ಬರಲ್ಲ ಅಕ್ಕ, ಇದ್ರೆ ಇನ್ನರ್ಧ ಲೋಟ ಎಂದ. ಆನೆ ತೋಟಕ್ಕೆ ನುಗ್ಗಿದ್ದು, ಮೆಣಸು ಈ ಸಲ ಕೈಕೊಟ್ಟದ್ದು, ಅಡುಗೆಯವರ ಗರ್ವ, ಎಲ್ಲ ಹೇಳಿದ. ಗೇಟಿನ ಮಾತಿಲ್ಲ, ಮಹಜರಿನ ಮಾತಿಲ್ಲ. ಏನೂ ಆಗಿಯೇ ಇಲ್ಲ. ಮೇಡಂ ಮುಖ ನೋಡಿದೆ. ಅವನು ಬೇಡವೆಂದಿದ್ದರೆ ಅಷ್ಟು ನೋವಾಗುತ್ತಿರಲಿಲ್ಲ ಎಂದು ನನಗೆ ಆಗ ಗೊತ್ತಾಯಿತು. ಮುನಿಸಿಗೆ, ದೂರ ಇಡುವುದಕ್ಕೆ ಅವರ ಅಷ್ಟು ದಪ್ಪದ ಪ್ರಬಂಧದಲ್ಲಿ ಜಾಗವಿತ್ತು. ಅಕ್ಕನ ಬೆನ್ನಿಗೆ ಇರಿದು ಬಂದು ಅವಳ ಕೈಯಿಂದಲೇ ಇನ್ನರ್ಧ ಲೋಟ ಕೇಳುವವನಿಗೆ ಜಾಗವಿರಲಿಲ್ಲ.

ಮೇಡಂ ಎರಡನೆಯ ಲೋಟವನ್ನೂ ಕೊಟ್ಟರು. ಆಮೇಲೆ ಕುರ್ಚಿಯಲ್ಲಿ ಕೂತು, ಕನ್ನಡಕ ಹಾಕಿಕೊಂಡು, ಪರೀಕ್ಷೆಯ ಪೇಪರು ತಿದ್ದುವವರ ಹಾಗೆ ಮದುವೆಯ ಕಾರ್ಡನ್ನು ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ಓದತೊಡಗಿದರು. ಕೃಷ್ಣಪ್ಪ ಹೊರಡಲು ಎದ್ದು ಚಪ್ಪಲಿ ಮೆಟ್ಟಿಕೊಂಡ.

"ನೀನು ಬಸ್ಸಲ್ಲಿ ಒದ್ದಾಡೋದು ಬೇಡ ಅಕ್ಕ, ಜೀಪ್ ಕಳಿಸ್ತೀನಿ. ಒಬ್ಳೇ ತಾನೇ?"

ಮೇಡಂ ಕಾರ್ಡಿನಿಂದ ತಲೆ ಎತ್ತಲಿಲ್ಲ.

"ಕುಟುಂಬ ಸಮೇತ ಅಂತ ಹಾಕ್ಸಿದ್ದೀಯಲ್ಲೋ ಕೃಷ್ಣ. ಇಬ್ರು. ನಾನು, ಭಾಗಮ್ಮ."